ಸಂಬಳ ಸಹಾಯಧನವಲ್ಲ

(ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಪ್ರೌಢಶಾಲಾ ಗಣಿತ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಪಠ್ಯ)

 



ಈ ಸಭೆಯಲ್ಲಿ ಪ್ರತಿ ವರ್ಷ ಯಾರಾದರೂ ಒಬ್ಬರು ವಿದ್ಯೆಯ ಮಹತ್ವದ ಬಗ್ಗೆ ಮಾತನಾಡುತ್ತಾರೆ. ವಿದ್ಯೆಯ ಮಹತ್ವ ಗೊತ್ತಿಲ್ಲದವರು ಭಾನುವಾರ ಬೆಳಿಗ್ಗೆ ಕೆಲಸ ಬಿಟ್ಟು ಇಲ್ಲಿ ಬಂದು ಕೂರುವುದಿಲ್ಲ. ಹಾಗಾಗಿ ನಾನು ಅದನ್ನು ಬಿಟ್ಟು ಮುಂದಿನ ಮಾತಿಗೆ ಹೋಗುತ್ತೇನೆ. ನಮ್ಮ ಮಕ್ಕಳು ಬಿ.ಇ. ಮುಗಿಸಿ ಬೆಂಗಳೂರು, ಮೈಸೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಸೇರುತ್ತಿದ್ದಾರೆ. ಸೇರಿದ ಮೇಲೆ ಸಂಬಳದ ಮಾತು ಹೇಗೆ ಆಡಬೇಕು, ತಾನು ಮಾಡಿದ ಕೆಲಸವನ್ನು ಮೇಲಿನವರಿಗೆ ಹೇಗೆ ತಿಳಿಸಬೇಕು ಅನ್ನುವುದನ್ನು ಅವರಿಗೆ ಯಾರೂ ಕಲಿಸಿಲ್ಲ. ನಾವು ಮೇಷ್ಟ್ರುಗಳು ಕಲಿಸಲಿಲ್ಲ, ಮನೆಯಲ್ಲಿ ಕಲಿಸುವ ಹಾಗಿಲ್ಲ, ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗಕ್ಕೆ ಎಷ್ಟು ಜನ ಸೆಲೆಕ್ಟ್ ಆದರು ಅನ್ನುವುದಷ್ಟೇ ಲೆಕ್ಕ.

ನೀವು ಕೇಳಬಹುದು, ಸರ್ಕಾರಿ ಶಾಲೆಯ ಟೀಚರಿಗೆ ಇದು ಹೇಗೆ ಗೊತ್ತು ಅಂತ. ನ್ಯಾಯವಾದ ಪ್ರಶ್ನೆ. ನಮ್ಮ ಸಂಬಳ ಶ್ರೇಣಿಯ ಪ್ರಕಾರ ಬರುತ್ತಿತ್ತು. ವೇತನ ಆಯೋಗ ವರದಿ ಕೊಡುತ್ತದೆ, ಸಂಘದವರು ಹೋರಾಡುತ್ತಾರೆ, ಆದೇಶ ಬರುತ್ತದೆ. 7ನೇ ವೇತನ ಆಯೋಗದ್ದು 2024ರ ಆಗಸ್ಟ್‌ನಲ್ಲಿ ಜಾರಿಯಾಯಿತಲ್ಲ, ಹಾಗೆ. ಒಬ್ಬ ಟೀಚರ್ ಹೋಗಿ ಹೆಡ್‌ಮಾಸ್ಟರ್ ಎದುರು ಕೂತು ನನಗೆ ಎರಡು ಸಾವಿರ ಹೆಚ್ಚು ಬೇಕು ಅಂದರೆ ಅವರು ನಕ್ಕು ಚಹಾ ತರಿಸುತ್ತಿದ್ದರು. ಆದರೆ ನಿವೃತ್ತಿಯಾದ ಮೇಲೆ ಹಳೆಯ ವಿದ್ಯಾರ್ಥಿಗಳು ಆಫರ್ ಲೆಟರ್ ಹಿಡಿದುಕೊಂಡು ನನ್ನ ಮನೆಗೆ ಬರಲು ಶುರು ಮಾಡಿದರು. ಲೆಕ್ಕ ನೋಡಿ ಕೊಡಿ ಮಿಸ್ ಅಂತ. ಲೆಕ್ಕ ನೋಡುತ್ತಾ ನೋಡುತ್ತಾ ಉಳಿದದ್ದೂ ತಿಳಿಯಿತು.

ಮೊದಲು ಒಂದು ಸೂಕ್ಷ್ಮವಾದ ಮಾತು. ದಾನಿಗಳು ಬೇಸರ ಮಾಡಿಕೊಳ್ಳಬಾರದು. ಟ್ರಸ್ಟಿಗೆ ಬರುವ ಅರ್ಜಿಗಳನ್ನು ನಾನೂ ಕೂತು ಓದುತ್ತೇನೆ. ಎಲ್ಲದರ ಭಾಷೆ ಒಂದೇ. ನಾವು ತುಂಬಾ ಬಡವರು, ತಂದೆ ಆಟೋ ಓಡಿಸುತ್ತಾರೆ, ತಾಯಿಗೆ ಆರೋಗ್ಯ ಸರಿಯಿಲ್ಲ, ತಾವು ದಯಮಾಡಿ ಸಹಾಯ ಮಾಡಬೇಕು. ಮಕ್ಕಳ ತಪ್ಪೇನೂ ಇಲ್ಲ. ನಮ್ಮ ನಮೂನೆ ಕೇಳುವುದೇ ಅದನ್ನು: ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್, ಸ್ವಂತ ಮನೆಯೋ ಬಾಡಿಗೆಯೋ. ಎಸ್ಸೆಸ್ಸೆಲ್ಸಿಯಿಂದ ಬಿ.ಇ. ಕೊನೆಯ ವರ್ಷದವರೆಗೆ ಆರೇಳು ವರ್ಷ ಒಂದು ಮಗು ಪ್ರತಿ ಜೂನ್‌ನಲ್ಲಿ ತನ್ನ ಕಷ್ಟವನ್ನು ಬರೆದು ಬರೆದು ಅಭ್ಯಾಸ ಮಾಡುತ್ತದೆ. ಆಮೇಲೆ ಒಂದು ದಿನ ಕಂಪನಿಯ ಹೆಚ್.ಆರ್. ಎದುರು ಕೂರುತ್ತದೆ. ಅಲ್ಲೂ ಬಾಯಿಗೆ ಅದೇ ಭಾಷೆ ಬರುತ್ತದೆ: ಸರ್, ಮನೆಯಲ್ಲಿ ಕಷ್ಟ ಇದೆ, ತಂಗಿ ಓದುತ್ತಿದ್ದಾಳೆ, ಸ್ವಲ್ಪ ನೋಡಿ ಮಾಡಿ. ಆ ಹೆಚ್.ಆರ್. ಒಳ್ಳೆಯವರೇ ಇರಬಹುದು, ಅಯ್ಯೋ ಪಾಪ ಅನ್ನಿಸಲೂಬಹುದು. ಆದರೆ ಅವರ ಮುಂದಿರುವ ಹಾಳೆಯಲ್ಲಿ ಕಷ್ಟಕ್ಕೆ ಕಾಲಂ ಇಲ್ಲ. ಆ ಕೆಲಸಕ್ಕೆ ಪೇಟೆಯಲ್ಲಿ ಏನು ದರ ಇದೆ, ಈ ಹುಡುಗನಿಗೆ ಏನು ಬರುತ್ತದೆ, ಇವನು ಸಿಗದಿದ್ದರೆ ಇನ್ನೊಬ್ಬ ಎಷ್ಟಕ್ಕೆ ಸಿಗುತ್ತಾನೆ, ಇಷ್ಟೇ.

ಮಗು ಅತ್ತರೆ ತಾನೆ ತಾಯಿ ಹಾಲು ಕೊಡೋದು ಅಂತ ನಮ್ಮಲ್ಲಿ ಗಾದೆ. ಆಫೀಸಿನಲ್ಲಿ ಈ ಗಾದೆ ನಡೆಯುವುದಿಲ್ಲ. ಅಳುವುದೂ ಅರ್ಜಿಯೇ.

ಗುಂಡ್ಲುಪೇಟೆ ಕಡೆಯ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ, ಹೆಸರು ಬೇಡ. ಬೆಂಗಳೂರಿನಲ್ಲಿ ಒಂದು ಕಂಪನಿಗೆ ಸೇರಿ ಮೂರು ವರ್ಷ ಆಗಿತ್ತು. ಅವಳ ತಂಡಕ್ಕೆ ಹೊಸದಾಗಿ ಒಬ್ಬ ಹುಡುಗ ಬಂದ. ಅನುಭವ ಅವಳಷ್ಟೇ. ಎರಡು ತಿಂಗಳು ಅವಳೇ ಅವನಿಗೆ ಕೆಲಸ ಕಲಿಸಿದಳು. ಮಾತಿಗೆ ಮಾತು ಬಂದು ಅವನ ಸಂಬಳ ತಿಳಿಯಿತು. ಅವಳಿಗಿಂತ ವರ್ಷಕ್ಕೆ ಎರಡೂವರೆ ಲಕ್ಷ ಹೆಚ್ಚು. ರಂಜಾನ್ ರಜೆಗೆ ಊರಿಗೆ ಬಂದಾಗ ನನ್ನ ಹತ್ತಿರ ಬಂದು ಕೂತಳು. "ಮಿಸ್, ಅವನಿಗೆ ನಾನೇ ಕಲಿಸಿದ್ದು" ಅಂದಳು. ಕೇಳಿದೆಯಾ ಅಂದೆ. "ಅಬ್ಬಾ ಬೇಡ ಅಂತಾರೆ ಮಿಸ್. ಉಂಡ ಮನೆಗೆ ಎರಡು ಬಗೆಯಬಾರದು ಅಂತಾರೆ."

ಅವರ ಅಬ್ಬಾ ಒಳ್ಳೆಯ ಮನುಷ್ಯ. ಬೇರೆಯವರ ಅಂಗಡಿಯಲ್ಲಿ ಮೂವತ್ತು ವರ್ಷ ದುಡಿದವರು. ಮಾಲೀಕರು ಹಬ್ಬಕ್ಕೆ ಕೊಟ್ಟಿದ್ದನ್ನು ಎರಡೂ ಕೈಯಲ್ಲಿ ತೆಗೆದುಕೊಂಡವರು. ಕೇಳಿದರೆ ಕೆಲಸ ಹೋಗುತ್ತದೆ ಅನ್ನುವುದು ಅವರ ಅನುಭವ, ಕಲ್ಪನೆಯಲ್ಲ. ಇಲ್ಲಿ ಕೂತಿರುವ ದಾನಿಗಳಲ್ಲಿ ಕೆಲವರು ಅಂಗಡಿ, ಮಂಡಿ ಇಟ್ಟವರಿದ್ದೀರಿ. ನಿಮ್ಮ ಹುಡುಗ ಬಂದು ಸಂಬಳ ಹೆಚ್ಚಿಸಿ ಅಂದಾಗ ನೀವು ಏನು ಅನ್ನುತ್ತೀರಿ ಅಂತ ನಾನು ಇಲ್ಲಿ ಕೇಳಲು ಹೋಗುವುದಿಲ್ಲ. ಆದರೆ ಸಾಫ್ಟ್‌ವೇರ್ ಕಂಪನಿ ಊಟ ಹಾಕುವ ಮನೆಯಲ್ಲ. ಆ ಹುಡುಗಿ ಮಾಡಿದ ಕೆಲಸಕ್ಕೆ ಕಂಪನಿ ತನ್ನ ಗಿರಾಕಿಯಿಂದ ಗಂಟೆಯ ಲೆಕ್ಕದಲ್ಲಿ ಹಣ ಪಡೆಯುತ್ತದೆ. ಅದರಲ್ಲಿ ಅವಳ ಪಾಲು ಎಷ್ಟು ಅಂತ ಕೇಳುವುದು ದ್ರೋಹವಲ್ಲ.

ನೋಡಿ, ಬೆಲೆಯ ಮಾತು ನಮ್ಮ ಜಿಲ್ಲೆಗೆ ಹೊಸದೇ ಅಲ್ಲ. ನಮ್ಮ ರೇಷ್ಮೆ ಬೆಳೆಗಾರ ಗೂಡು ತೆಗೆದುಕೊಂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತಾನೆ. ಹರಾಜು ನಡೆಯುತ್ತದೆ. ಬೆಲೆ ಸರಿಯಿಲ್ಲ ಅಂದರೆ ಒಪ್ಪುವುದಿಲ್ಲ. ಅದಕ್ಕೆ ಯಾರೂ ಅವನನ್ನು ದುರಾಸೆಯವನು ಅನ್ನುವುದಿಲ್ಲ. ದನದ ಸಂತೆಯಲ್ಲಿ ಹಳೆಯ ದಲ್ಲಾಳಿಗಳನ್ನು ನೋಡಿದ್ದೀರಿ. ಟವೆಲ್ ಕೆಳಗೆ ಕೈ ಇಟ್ಟು ಬೆರಳು ಹಿಡಿದು ದರ ಹೇಳುತ್ತಾರೆ. ಪಕ್ಕದಲ್ಲಿ ನಿಂತವನಿಗೆ ಆ ಜೋಡಿ ಎತ್ತು ಎಷ್ಟಕ್ಕೆ ಹೋಯಿತು ಅಂತ ಗೊತ್ತಾಗಬಾರದು. ಕಂಪನಿಗಳ ಆಫರ್ ಲೆಟರಿನಲ್ಲಿ ನಿಮ್ಮ ಸಂಬಳವನ್ನು ಯಾರಿಗೂ ಹೇಳಬಾರದು ಅಂತ ಒಂದು ಸಾಲು ಇರುತ್ತದಲ್ಲ, ಅದೂ ಟವೆಲ್ಲೇ. ದರ ಮುಚ್ಚಿಟ್ಟರೆ ಲಾಭ ಯಾರಿಗೆ ಅಂತ ಸಂತೆಗೆ ಹೋದವರಿಗೆಲ್ಲ ಗೊತ್ತು. ಹಾಗಾಗಿ ಹೊಸ ಕೆಲಸಕ್ಕೆ ಹೋಗುವ ಮೊದಲು ದರ ತಿಳಿದುಕೊಳ್ಳಿ. ಆ್ಯಂಬಿಷನ್‌ಬಾಕ್ಸ್, ಗ್ಲಾಸ್‌ಡೋರ್‌ನಂಥ ಜಾಲತಾಣಗಳಲ್ಲಿ ಯಾವ ಕಂಪನಿ ಯಾವ ಹುದ್ದೆಗೆ ಎಷ್ಟು ಕೊಡುತ್ತದೆ ಅಂತ ನೌಕರರೇ ಹಾಕಿರುತ್ತಾರೆ. ಅದು ಪೂರ್ತಿ ನಿಖರವಲ್ಲ. ನಮ್ಮದೇ ಹಳೆಯ ವಿದ್ಯಾರ್ಥಿಗಳು ಈಗ ಆ ಕಂಪನಿಗಳಲ್ಲಿದ್ದಾರೆ, ಅವರನ್ನು ಕೇಳಿ. ಮೂರು ಕಡೆ ಕೇಳಿದರೆ ಸರಾಸರಿ ಸಿಗುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ, ನನ್ನ ಕ್ಷೇತ್ರಕ್ಕೆ. ತಂದೆತಾಯಿಗಳು ಗಮನವಿಟ್ಟು ಕೇಳಬೇಕು, ಯಾಕೆಂದರೆ ಊರಲ್ಲಿ ಮಗನಿಗೆ ಮೂವತ್ತು ಸಾವಿರ ಸಂಬಳ ಅಂತ ಹೇಳಿಕೊಂಡು, ಅದೇ ನಂಬಿಕೆಯಲ್ಲಿ ಸಾಲ ಮಾಡಿದವರನ್ನು ನಾನು ನೋಡಿದ್ದೇನೆ. ಆಫರ್ ಲೆಟರಿನಲ್ಲಿ ಬರೆಯುವುದು ಸಿ.ಟಿ.ಸಿ. ಅಂದರೆ ಆ ನೌಕರನಿಗಾಗಿ ಕಂಪನಿಗೆ ತಗಲುವ ಒಟ್ಟು ವೆಚ್ಚ. ಕೈಗೆ ಬರುವ ಹಣ ಅಲ್ಲ. ಒಂದು ಉದಾಹರಣೆ ಮಾಡೋಣ. ಸಿ.ಟಿ.ಸಿ. ವರ್ಷಕ್ಕೆ 3,60,000. ಅದರಲ್ಲಿ ಅರ್ಧ ಮೂಲವೇತನ, ತಿಂಗಳಿಗೆ 15,000. ಪಿ.ಎಫ್.ಗೆ ಕಂಪನಿ ಕಟ್ಟುವ ಶೇಕಡ 12 ಅಂದರೆ ತಿಂಗಳಿಗೆ 1,800, ವರ್ಷಕ್ಕೆ 21,600, ಅದೂ ಸಿ.ಟಿ.ಸಿ. ಒಳಗೇ ಸೇರಿದೆ. ಗ್ರಾಚ್ಯುಟಿ ಅಂತ ಮೂಲವೇತನದ ಶೇಕಡ 4.81, ಅದು 8,658. ಕಾಯಂ ನೌಕರನಿಗೆ ಸಾಮಾನ್ಯವಾಗಿ ಐದು ವರ್ಷ ಸೇವೆ ಆಗದೆ ಆ ದುಡ್ಡು ಸಿಗುವುದಿಲ್ಲ, ಆದರೂ ಮೊದಲ ದಿನವೇ ಲೆಕ್ಕದಲ್ಲಿ ತೋರಿಸುತ್ತಾರೆ. ವಿಮೆಯ ಕಂತು 6,000 ಅನ್ನಿ. ವೇರಿಯಬಲ್ ಪೇ 20,000 ಅನ್ನಿ, ಅದು ಕಂಪನಿಯ ಲಾಭ ನೋಡಿ, ನಿಮ್ಮ ರೇಟಿಂಗ್ ನೋಡಿ ಕೊಡುವುದು. ಬರಬಹುದು, ಅರ್ಧ ಬರಬಹುದು. ಇಷ್ಟನ್ನೂ ಕಳೆದರೆ ತಿಂಗಳಿಗೆ ಸುಮಾರು 25,300. ಅದರಲ್ಲಿ ನಿಮ್ಮ ಪಾಲಿನ ಪಿ.ಎಫ್. 1,800, ವೃತ್ತಿ ತೆರಿಗೆ 200 ಹೋದರೆ ಕೈಗೆ 23,300. ಅದರಲ್ಲಿ ಬೆಂಗಳೂರಿನ ಪಿ.ಜಿ., ಊಟ, ಬಸ್ಸು. ಮೂವತ್ತು ಸಾವಿರದ ಕೆಲಸ ಎಲ್ಲಿಗೆ ಬಂತು ನೋಡಿ.

ಹಾಗಾದರೆ ಮೊದಲ ಕೆಲಸದಲ್ಲೇ ಚೌಕಾಸಿ ಮಾಡಬಹುದೇ? ದೊಡ್ಡ ಕಂಪನಿಗಳು ಕ್ಯಾಂಪಸ್‌ಗೆ ಬಂದು ನೂರಾರು ಜನರನ್ನು ಒಟ್ಟಿಗೆ ತೆಗೆದುಕೊಳ್ಳುವಾಗ ಆಗುವುದಿಲ್ಲ. ಅಲ್ಲಿ ಎಲ್ಲರಿಗೂ ಒಂದೇ ದರ. ಆ ದರ ಹತ್ತು ಹದಿನೈದು ವರ್ಷಗಳಿಂದ ಮೂರು, ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಅಕ್ಕಿ, ಎಣ್ಣೆ, ಬಾಡಿಗೆ ನಿಂತಿಲ್ಲ. ಆದರೆ ಅಲ್ಲೂ ಒಂದು ಬಾಗಿಲಿದೆ, ನಮ್ಮ ಮಕ್ಕಳಿಗೆ ಗೊತ್ತಾಗುವಾಗ ತಡವಾಗಿರುತ್ತದೆ. ಉದಾಹರಣೆಗೆ ಟಿ.ಸಿ.ಎಸ್. ಹೊಸಬರನ್ನು ನಿಂಜಾ, ಡಿಜಿಟಲ್, ಪ್ರೈಮ್ ಎಂದು ಮೂರು ದರ್ಜೆಗಳಲ್ಲಿ ತೆಗೆದುಕೊಳ್ಳುತ್ತದೆ. ನಿಂಜಾದವರಿಗಿಂತ ಡಿಜಿಟಲ್‌ನವರ ಸಂಬಳ ಸುಮಾರು ಎರಡರಷ್ಟು. ಬೇರೆ ಕಂಪನಿಗಳಲ್ಲೂ ಇಂಥ ಮೇಲಿನ ದರ್ಜೆಗಳಿವೆ. ವ್ಯತ್ಯಾಸ ಬರುವುದು ಪರೀಕ್ಷೆಯ ಕೋಡಿಂಗ್ ಭಾಗದಲ್ಲಿ. ಅಂದರೆ ಹೊಸಬರ ಚೌಕಾಸಿ ನಡೆಯುವುದು ಆರನೇ ಸೆಮಿಸ್ಟರಿನಲ್ಲಿ, ರೂಮಿನಲ್ಲಿ ಕೂತು ಪ್ರಾಕ್ಟೀಸ್ ಮಾಡುವಾಗ. ಸಣ್ಣ ಕಂಪನಿಗಳಲ್ಲಿ, ಸ್ಟಾರ್ಟಪ್‌ಗಳಲ್ಲಿ ಮೊದಲ ಕೆಲಸಕ್ಕೂ ಮಾತು ನಡೆಯುತ್ತದೆ.

ಐದು ಸಾವಿರ ಹೆಚ್ಚು ಕಡಿಮೆ ಆದರೆ ಏನಾಯಿತು, ಮೊದಲು ಸೇರಿಕೋ ಅಂತ ಮನೆಯವರು ಹೇಳುತ್ತಾರೆ. ಬೋರ್ಡ್ ಇದ್ದಿದ್ದರೆ ಬರೆದು ತೋರಿಸುತ್ತಿದ್ದೆ. ಒಬ್ಬರದು 3,60,000, ಇನ್ನೊಬ್ಬರದು 4,20,000. ವ್ಯತ್ಯಾಸ 60,000, ತಿಂಗಳಿಗೆ ಐದು ಸಾವಿರ. ಇಬ್ಬರಿಗೂ ವರ್ಷಕ್ಕೆ ಶೇಕಡ 8ರಂತೆ ಏರುತ್ತದೆ ಅಂದುಕೊಳ್ಳಿ. ಹತ್ತನೇ ವರ್ಷದಲ್ಲಿ ವ್ಯತ್ಯಾಸ ಹೆಚ್ಚೂಕಡಿಮೆ 1,20,000 ಆಗಿರುತ್ತದೆ. ಹತ್ತು ವರ್ಷದ ಒಟ್ಟು ವ್ಯತ್ಯಾಸ ಸುಮಾರು 8,69,000. ಒಂಬತ್ತನೇ ತರಗತಿಯಲ್ಲಿ ಚಕ್ರಬಡ್ಡಿ ಯಾಕೆ ಕಲಿಯಬೇಕು ಮಿಸ್ ಅಂತ ಕೇಳಿದವರು ಈ ಸಭೆಯಲ್ಲೂ ಇದ್ದಾರೆ. ಇದಕ್ಕೇ. ಇಷ್ಟು ಸಾಲದು ಅಂತ, ಮುಂದಿನ ಕಂಪನಿಯವರೂ ಹಳೆಯ ಸಂಬಳ ಎಷ್ಟಿತ್ತು ಅಂತ ಮೂರು ತಿಂಗಳ ಪೇ ಸ್ಲಿಪ್ ಕೇಳಿ ಅದರ ಮೇಲೆ ಇಷ್ಟು ಶೇಕಡ ಅಂತ ಕೊಡುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಾಗೆ ಹಳೆಯ ಸಂಬಳ ಕೇಳುವುದನ್ನೇ 2018ರಿಂದ ಕಾನೂನು ತಡೆದಿದೆ. ನಮ್ಮಲ್ಲಿ ಅಂಥ ಕಾನೂನು ಇಲ್ಲ. ಕೇಳಿದಾಗ ಸುಳ್ಳು ಹೇಳಬೇಡಿ. ಆದರೆ ಇಷ್ಟು ಹೇಳಬಹುದು: "ಈಗಿನ ಸಂಬಳ ಇಷ್ಟು. ಆದರೆ ಈ ಹುದ್ದೆಯ ಜವಾಬ್ದಾರಿ ಬೇರೆ, ಇದಕ್ಕೆ ಪೇಟೆಯಲ್ಲಿ ಇಷ್ಟರಿಂದ ಇಷ್ಟರವರೆಗೆ ಇದೆ. ನನ್ನ ನಿರೀಕ್ಷೆ ಇಷ್ಟು." ಹೇಳಿ ಸುಮ್ಮನಾಗಿ. ನಮ್ಮ ಮಕ್ಕಳಿಗೆ ಕಷ್ಟವಾಗುವುದು ಹೇಳುವುದಲ್ಲ, ಹೇಳಿದ ಮೇಲೆ ಸುಮ್ಮನಿರುವುದು. ಎದುರಿನವರು ಅರೆ ನಿಮಿಷ ಮಾತಾಡದಿದ್ದರೆ ಪರವಾಗಿಲ್ಲ ಸರ್, ನೀವು ಕೊಟ್ಟಷ್ಟು ಕೊಡಿ ಅಂದುಬಿಡುತ್ತಾರೆ.

ಹೆಚ್ಚು ಸಂಬಳ ಬಂದರೆ ಎಲ್ಲ ತೆರಿಗೆಗೇ ಹೋಗುತ್ತದೆ ಅನ್ನುವುದು ಊರಲ್ಲಿ ಹಬ್ಬಿರುವ ಇನ್ನೊಂದು ಮಾತು. 2025-26ನೇ ಸಾಲಿನಿಂದ ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರರಿಗೆ ವರ್ಷಕ್ಕೆ 12,75,000ವರೆಗೆ ಆದಾಯ ತೆರಿಗೆ ಬೀಳುವುದಿಲ್ಲ. ಆ ಚಿಂತೆ ಈಗ ಬೇಡ.

ಕೇಳುವುದು ಹೇಗೆ ಅನ್ನುವುದಕ್ಕಿಂತ ಕೇಳಬೇಕೇ ಅನ್ನುವುದರಲ್ಲೇ ದೊಡ್ಡವರೂ ಎಡವಿದ್ದಾರೆ. ಮೈಕ್ರೋಸಾಫ್ಟ್ ಮುಖ್ಯಸ್ಥ ಸತ್ಯ ನಾದೆಳ್ಳ ನಮ್ಮ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದವರು. 2014ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಕಂಪ್ಯೂಟರ್ ಕ್ಷೇತ್ರದ ಮಹಿಳೆಯರ ದೊಡ್ಡ ಸಮ್ಮೇಳನ. ವೇದಿಕೆಯಲ್ಲಿ ಅವರನ್ನು ಪ್ರಶ್ನೆ ಕೇಳುತ್ತಿದ್ದವರು ಮರಿಯಾ ಕ್ಲಾವೆ ಎಂಬ ಗಣಿತಜ್ಞೆ, ಒಂದು ಕಾಲೇಜಿನ ಅಧ್ಯಕ್ಷೆ. ಸಂಬಳ ಹೆಚ್ಚಿಸಿ ಅಂತ ಕೇಳಲು ಹಿಂಜರಿಯುವ ಹೆಣ್ಣುಮಕ್ಕಳಿಗೆ ಏನು ಹೇಳುತ್ತೀರಿ ಅಂದರು. ನಾದೆಳ್ಳ ಅವರ ಉತ್ತರದ ಸಾರ: ಕೇಳುವ ಮಾತಲ್ಲ, ವ್ಯವಸ್ಥೆ ತಾನಾಗಿ ಸರಿಯಾದದ್ದನ್ನು ಕೊಡುತ್ತದೆ ಎಂದು ನಂಬಿ, ಅದೇ ಒಳ್ಳೆಯ ಕರ್ಮ. ಕ್ಲಾವೆ ಅಲ್ಲೇ, ನಾನು ಇದನ್ನು ಒಪ್ಪುವುದಿಲ್ಲ ಅಂದರು. ಕೇಳದೆ ಒಪ್ಪಿಕೊಂಡು ತಮಗೇ ಹಿಂದೆ ನಷ್ಟವಾದದ್ದನ್ನು ಹೇಳಿದರು. ದೊಡ್ಡ ಗಲಾಟೆಯಾಯಿತು. ಅದೇ ದಿನ ನಾದೆಳ್ಳ ತಮ್ಮ ನೌಕರರಿಗೆಲ್ಲ ಪತ್ರ ಬರೆದು, ನನ್ನ ಉತ್ತರ ಪೂರ್ತಿ ತಪ್ಪು, ಹೆಚ್ಚು ಸಿಗಬೇಕು ಅನ್ನಿಸಿದರೆ ನೇರವಾಗಿ ಕೇಳಿ ಅಂತ ತಿಳಿಸಿದರು. ಆ ಮನುಷ್ಯನ ಮೇಲೆ ನನಗೆ ಗೌರವ ಬಂದದ್ದು ಆ ಪತ್ರದಿಂದ. ಕ್ಲಾವೆ ಆ ದಿನ ಕೊಟ್ಟ ಸಲಹೆಯೂ ಒಳ್ಳೆಯದು: ಮೊದಲು ದರ ತಿಳಿದುಕೊಳ್ಳಿ, ಆಮೇಲೆ ನಂಬಿಕೆಯ ಒಬ್ಬರನ್ನು ಎದುರಿಗೆ ಕೂರಿಸಿಕೊಂಡು ಕೇಳುವುದನ್ನು ಅಭ್ಯಾಸ ಮಾಡಿ. ನಮ್ಮ ಮನೆಯ ಹಾಲ್‌ನಲ್ಲಿ ನಾನು ಹೆಚ್.ಆರ್. ಆಗಿ ಎಷ್ಟೋ ಸಲ ಕೂತಿದ್ದೇನೆ. ನಾನು ತುಂಬಾ ಜಿಪುಣ ಹೆಚ್.ಆರ್. ಅಂತ ಮಕ್ಕಳು ಹೇಳುತ್ತಾರೆ.

ಹೆಣ್ಣುಮಕ್ಕಳ ಮನೆಯವರಿಗೆ ಒಂದು ಮಾತು. ಮದುವೆ ಆಗುವವರೆಗೆ ತಾನೆ, ಯಾಕೆ ಕೇಳಿ ಕೆಟ್ಟವಳಾಗ್ತೀಯಾ ಅನ್ನುತ್ತೀರಿ. ಅದೇ ಮಾತನ್ನು ಕಂಪನಿಯವರು ಅಂದಿದ್ದರೆ ನಿಮಗೆ ಸಿಟ್ಟು ಬರುತ್ತಿತ್ತು. ಒಂದೇ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ಸಂಬಳ ಅನ್ನುವುದು ಈ ದೇಶದಲ್ಲಿ 1976ರಿಂದ ಕಾನೂನು. ಮನೆಯ ಬಾಗಿಲಲ್ಲೇ ಅದನ್ನು ತಡೆದು ನಿಲ್ಲಿಸಬೇಡಿ.

ಇನ್ನು ತನ್ನ ಬಗ್ಗೆ ತಾನು ಹೇಳಿಕೊಳ್ಳುವುದು. ಇದು ನಮ್ಮವರಿಗೆ ಕೇಳುವುದಕ್ಕಿಂತ ಕಷ್ಟ. ತುಂಬಿದ ಕೊಡ ತುಳುಕುವುದಿಲ್ಲ ಅಂತ ನಾವೇ ಕ್ಲಾಸಿನಲ್ಲಿ ವಿಸ್ತರಿಸಿ ಬರೆಸಿದ್ದೇವೆ. ತೋರಿಕೆಗಾಗಿ ಮಾಡುವುದು ಗುನಾಹ್ ಅಂತ ಮನೆಯಲ್ಲಿ ಹೇಳಿಕೊಟ್ಟಿದ್ದೇವೆ. ಎರಡೂ ಸರಿ. ಆದರೆ ಮಿಸರಿನ ಬಾದಶಹನ ಎದುರು ಹಜರತ್ ಯೂಸುಫ್ ಅಲೈಹಿಸ್ಸಲಾಂ ಏನು ಮಾಡಿದರು ನೆನಪಿಸಿಕೊಳ್ಳಿ. ಉಗ್ರಾಣದ ಹೊಣೆ ನನಗೆ ಕೊಡಿ, ಕಾಪಾಡುವುದು ನನಗೆ ಗೊತ್ತು, ಆ ವಿಷಯದ ತಿಳಿವಳಿಕೆ ನನಗಿದೆ ಎಂದು ತಾವೇ ಹೇಳಿದರು. ಬರ ಬರುವುದಿತ್ತು, ಕೆಲಸ ಬಲ್ಲವರು ಸುಮ್ಮನಿದ್ದಿದ್ದರೆ ಬಲ್ಲದವರ ಕೈಗೆ ಹೋಗುತ್ತಿತ್ತು. ಮದ್‌ಯನ್‌ನಲ್ಲಿ ಹಜರತ್ ಮೂಸಾ ಅಲೈಹಿಸ್ಸಲಾಂ ದುಡಿಮೆಗೆ ಒಪ್ಪಿದಾಗಲೂ ಎಂಟು ವರ್ಷ, ಹತ್ತು ಪೂರ್ತಿ ಮಾಡಿದರೆ ಅದು ತಮ್ಮ ಇಷ್ಟ ಎಂದು ಮೊದಲೇ ಮಾತಾಗಿತ್ತು. ನಾನು ಆಲಿಮಾ ಅಲ್ಲ, ಹಿರಿಯರು ಇಲ್ಲಿದ್ದಾರೆ, ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಬಡಾಯಿ ಬೇರೆ, ಲೆಕ್ಕ ಒಪ್ಪಿಸುವುದು ಬೇರೆ.

ಲೆಕ್ಕ ಒಪ್ಪಿಸುವುದು ಹೇಗೆ? ಶುಕ್ರವಾರ ಸಂಜೆ ಕಾಲು ಗಂಟೆ. ಒಂದು ನೋಟ್‌ಬುಕ್ ಸಾಕು. ಈ ವಾರ ಏನು ಕೆಟ್ಟಿತ್ತು, ನಾನು ಏನು ಮಾಡಿದೆ, ಅದರಿಂದ ಏನು ಬದಲಾಯಿತು, ಯಾರಿಗೆ ಅನುಕೂಲವಾಯಿತು. ವರ್ಷದ ಕೊನೆಗೆ ಕಂಪನಿ ಸ್ವಮೌಲ್ಯಮಾಪನದ ಫಾರಂ ಕೊಡುತ್ತದೆ. ಆಗ ನಮ್ಮ ಮಕ್ಕಳು ಬರೆಯುವುದು: ನಾನು ಶ್ರಮಪಟ್ಟು ಪ್ರಾಮಾಣಿಕವಾಗಿ ಕೆಲಸ ಮಾಡಿದ್ದೇನೆ. ಇದು ನಡತೆ ಪ್ರಮಾಣಪತ್ರದ ಭಾಷೆ. ಇದಕ್ಕೆ ಯಾವ ಮ್ಯಾನೇಜರೂ ಅಂಕ ಕೊಡಲಾರ. "ರಾತ್ರಿ ಓಡುವ ಒಂದು ರಿಪೋರ್ಟ್ 4 ಗಂಟೆ ತೆಗೆದುಕೊಳ್ಳುತ್ತಿತ್ತು. ನಾನು ಅದರ ಕ್ವೆರಿ ಬದಲಿಸಿದೆ. ಈಗ 40 ನಿಮಿಷ. ಬೆಳಿಗ್ಗೆ ಗಿರಾಕಿಯಿಂದ ಬರುತ್ತಿದ್ದ ದೂರು ನಿಂತಿತು." ಇದರಲ್ಲಿ ಒಂದೂ ಹೊಗಳಿಕೆಯ ಶಬ್ದ ಇಲ್ಲ, ನೋಡಿ. ಕೊಡದಲ್ಲಿ ಎಷ್ಟು ನೀರಿದೆ ಅಂತ ಅಳೆದು ಹೇಳುವುದು ತುಳುಕುವುದಲ್ಲ.

ಮ್ಯಾನೇಜರಿಗೆ ಎಲ್ಲ ಗೊತ್ತಿರುತ್ತದೆ ಅನ್ನುವುದು ಇನ್ನೊಂದು ಭ್ರಮೆ. ಅವನ ಕೈಕೆಳಗೆ ಹತ್ತು ಹದಿನೈದು ಜನ. ರೇಟಿಂಗ್ ಸಭೆಯಲ್ಲಿ ಅವನೂ ತನ್ನ ಮೇಲಿನವರ ಎದುರು, ಬೇರೆ ಮ್ಯಾನೇಜರುಗಳ ಜೊತೆ ವಾದಿಸಬೇಕು. ಮೇಲಿನ ರೇಟಿಂಗ್ ಇಂತಿಷ್ಟು ಜನಕ್ಕೆ ಮಾತ್ರ ಅಂತ ಮಿತಿ ಇರುತ್ತದೆ. ನಿಮ್ಮ ಪರವಾಗಿ ಹೇಳಲು ಅವನ ಬಾಯಲ್ಲಿ ಮೂರು ವಾಕ್ಯ ಇಲ್ಲದಿದ್ದರೆ ಅವನು ಎಷ್ಟೇ ಒಳ್ಳೆಯವನಾಗಿದ್ದರೂ ನಿಮ್ಮ ಹೆಸರು ಕೆಳಗಿಳಿಯುತ್ತದೆ. ಆ ಮೂರು ವಾಕ್ಯ ನೀವು ಮೊದಲೇ ಅವನಿಗೆ ಬರೆದು ಕೊಟ್ಟಿರಬೇಕು, ರೇಟಿಂಗ್ ಮುಗಿದ ಮೇಲಲ್ಲ. ಇದರಲ್ಲಿ ಒಂದು ಎಚ್ಚರ: ನಾಲ್ಕು ಜನ ಸೇರಿ ಮಾಡಿದ್ದನ್ನು ನಾನು ಮಾಡಿದೆ ಅಂತ ಬರೆಯುವುದು ಕಳ್ಳತನ. ನಾವು ಮಾಡಿದೆವು, ಅದರಲ್ಲಿ ಈ ಭಾಗ ನನ್ನದು ಅಂತ ಬರೆಯಿರಿ.

ಆ ಗುಂಡ್ಲುಪೇಟೆ ಹುಡುಗಿ ಏನಾದಳು ಅಂತ ಕೆಲವರು ಯೋಚಿಸುತ್ತಿದ್ದೀರಿ. ಎರಡು ದಿನ ಕೂತು ಮೂರು ವರ್ಷದ ಕೆಲಸವನ್ನು ಒಂದು ಪುಟಕ್ಕೆ ಇಳಿಸಿದೆವು. ಆ ಹುಡುಗನ ಹೆಸರು ಎತ್ತಬೇಡ ಅಂದೆ. ಅವನಿಗೆ ಸಿಕ್ಕಿದ್ದು ಅವನ ತಪ್ಪಲ್ಲ, ಹೆಸರು ಹೇಳಿದರೆ ಮಾತು ನಿನ್ನ ಕೆಲಸದಿಂದ ಅವನ ಸಂಬಳದ ಕಡೆ ತಿರುಗುತ್ತದೆ. ಅವಳು ಕೇಳಿದಳು. ಮ್ಯಾನೇಜರ್ ಈ ವರ್ಷದ ಬಜೆಟ್ ಮುಗಿದಿದೆ ಅಂದ. ಹಾಗಾದರೆ ಆರು ತಿಂಗಳಲ್ಲಿ ಮತ್ತೆ ನೋಡುತ್ತೀರಾ, ಅದಕ್ಕೆ ನಾನು ಏನು ಮಾಡಿರಬೇಕು, ದಯವಿಟ್ಟು ಮೇಲ್‌ನಲ್ಲಿ ತಿಳಿಸಿ ಅಂದಳು. ಮೇಲ್ ಬಂತು. ಆರು ತಿಂಗಳ ಮೇಲೆ ಸ್ವಲ್ಪ ಹೆಚ್ಚಾಯಿತು, ಆ ಹುಡುಗನ ಮಟ್ಟಕ್ಕೆ ಬರಲಿಲ್ಲ. ಇನ್ನೊಂದು ವರ್ಷಕ್ಕೆ ಅವಳು ಕಂಪನಿ ಬದಲಿಸಿದಳು. ಎಲ್ಲಾ ಕಥೆಯೂ ಸಿನಿಮಾದ ಹಾಗೆ ಮುಗಿಯುವುದಿಲ್ಲ. ಆದರೆ ಹೊಸ ಕಡೆ ಅವಳು ತನ್ನ ಮೊತ್ತವನ್ನು ತಾನೇ ಹೇಳಿದಳು. ಅವರ ಅಬ್ಬಾ ನನಗೆ ಫೋನ್ ಮಾಡಿ, "ಮೇಡಂ, ಬೈಲಿಲ್ಲವಂತೆ" ಅಂದರು. ಮೂವತ್ತು ವರ್ಷ ಅವರು ಹೆದರಿದ್ದು ಅಷ್ಟಕ್ಕೇ.

ಕಂಪನಿ ಬದಲಿಸುವವರಿಗೆ ಎರಡು ಮಾತು. ನಮ್ಮ ದೊಡ್ಡ ಐಟಿ ಕಂಪನಿಗಳಲ್ಲಿ ನೋಟಿಸ್ ಅವಧಿ ಸಾಮಾನ್ಯವಾಗಿ 90 ದಿನ. ಹೊಸ ಕಂಪನಿಗೆ ಬೇಗ ಬೇಕಿರುತ್ತದೆ. ಆ ಆತುರವೂ ನಿಮ್ಮ ಕೈಯಲ್ಲಿರುವ ಒಂದು ಸರಕು; ಸುಮ್ಮನೆ ಬಿಟ್ಟುಕೊಡಬೇಡಿ. ಆದರೆ ಇಲ್ಲದ ಆಫರ್ ಇದೆ ಅಂತ ಹೇಳುವುದು, ಪೇ ಸ್ಲಿಪ್ ತಿದ್ದುವುದು, ಇಲ್ಲದ ಅನುಭವ ತೋರಿಸುವುದು ಬೇಡವೇ ಬೇಡ. ಪಿ.ಎಫ್. ಖಾತೆಯಲ್ಲಿ ಯಾವ ಕಂಪನಿಯಲ್ಲಿ ಯಾವ ತಿಂಗಳು ಇದ್ದಿರಿ ಅಂತ ಎಲ್ಲ ದಾಖಲಾಗಿರುತ್ತದೆ, ಸೇರಿದ ಆರು ತಿಂಗಳಿಗೂ ಸಿಕ್ಕಿಬಿದ್ದವರಿದ್ದಾರೆ.

ಸಂಬಳದ ಅಂಕಿ ನೋಡಿ ಖುಷಿಯಲ್ಲಿ ಉಳಿದ ಪುಟ ಓದದೆ ಸಹಿ ಹಾಕಬೇಡಿ. 2025ರ ಫೆಬ್ರವರಿಯಲ್ಲಿ ಇಲ್ಲೇ ಪಕ್ಕದ ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್‌ನಿಂದ, ತರಬೇತಿಯ ಪರೀಕ್ಷೆಯಲ್ಲಿ ಮೂರು ಅವಕಾಶದಲ್ಲೂ ಪಾಸಾಗದ 300ಕ್ಕೂ ಹೆಚ್ಚು ಹೊಸಬರು ಹೊರಗೆ ಬರಬೇಕಾಯಿತು. ಪಾಸಾಗದಿದ್ದರೆ ಕೆಲಸ ಮುಂದುವರಿಯದು ಎಂಬ ಷರತ್ತು ಒಪ್ಪಂದದಲ್ಲೇ ಇದೆ ಎಂದು ಕಂಪನಿ ಹೇಳಿತು. ಹಾಗೆ ಕಳಿಸಿದ್ದು ಸರಿಯಲ್ಲ ಎಂದು ಐಟಿ ನೌಕರರ ಸಂಘಟನೆ ದೂರು ಕೊಟ್ಟಿತು. ಸರಿ ತಪ್ಪು ನಾನು ಹೇಳಲಾರೆ. ನಿಮ್ಮ ಲೆಟರಿನಲ್ಲಿ ಅಂಥ ಷರತ್ತು ಇದೆಯೋ ಇಲ್ಲವೋ ನಿಮಗೆ ಗೊತ್ತಿರಬೇಕು. ಹಾಗೆಯೇ ಬಾಂಡ್. ಇಷ್ಟು ವರ್ಷದೊಳಗೆ ಬಿಟ್ಟರೆ ಇಷ್ಟು ಹಣ ಕಟ್ಟಬೇಕು ಅನ್ನುವುದು. ಬಾಂಡ್ ಕೋರ್ಟಿನಲ್ಲಿ ನಿಲ್ಲಲ್ಲ ಬಿಡು ಅಂತ ಸ್ನೇಹಿತರು ಹೇಳುತ್ತಾರೆ. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ಎಂಬ ಷರತ್ತನ್ನು ಎತ್ತಿಹಿಡಿದಿದೆ. ಅದು ಸಾರ್ವಜನಿಕ ವಲಯದ ಬ್ಯಾಂಕಾಗಿತ್ತು, ಎಲ್ಲ ಬಾಂಡಿಗೂ ಹಾಗೇ ಆಗುತ್ತದೆ ಅಂತಲ್ಲ. ಆದರೆ ಸ್ನೇಹಿತರ ಮಾತಿನ ಮೇಲೆ ಎರಡು ಲಕ್ಷ ಪಣಕ್ಕಿಡಬೇಡಿ. ಅಸಲು ಅಂಕಪಟ್ಟಿಯನ್ನು ಯಾರೇ ಕೇಳಿದರೂ ತೋರಿಸಿ ವಾಪಸ್ ತನ್ನಿ.

ಟ್ರಸ್ಟಿಗಳಿಗೆ ನಾನು ಒಂದು ಕೋರಿಕೆ ಇಟ್ಟಿದ್ದೆ, ಅವರು ಒಪ್ಪಿದ್ದಾರೆ. ಈ ವರ್ಷದ ಅರ್ಜಿ ನಮೂನೆಯ ಎರಡನೇ ಪುಟದಲ್ಲಿ ಒಂದು ಹೊಸ ಕಾಲಂ ಇದೆ: ಕಳೆದ ವರ್ಷ ನೀವು ಮಾಡಿದ ಒಂದು ಕೆಲಸ. ಮನೆಯದಾಗಲಿ, ಕಾಲೇಜಿನದಾಗಲಿ, ಮೊಹಲ್ಲಾದ್ದಾಗಲಿ. ಏನಿತ್ತು, ನೀವು ಏನು ಮಾಡಿದಿರಿ, ಏನು ಬದಲಾಯಿತು, ನಾಲ್ಕು ಸಾಲಿನಲ್ಲಿ ಬರೆಯಬೇಕು. ಅಮ್ಮನ ಹೊಲಿಗೆ ಲೆಕ್ಕ ಬರೆದಿಟ್ಟಿದ್ದರೆ ಅದೂ ಆಗುತ್ತದೆ, ಅಬ್ಬಾನ ಆಟೋದ ಸಾಲ ಬೇಗ ತೀರುವ ಹಾಗೆ ಕಂತು ಲೆಕ್ಕ ಹಾಕಿಕೊಟ್ಟಿದ್ದರೆ ಅದೂ ಆಗುತ್ತದೆ. ಪರೀಕ್ಷೆಯ ಅಂಕಗಳನ್ನು ಅಲ್ಲಿ ಬರೆಯಬೇಡಿ, ಅದಕ್ಕೆ ಬೇರೆ ಕಾಲಂ ಇದೆ. ಖಾಲಿ ಬಿಟ್ಟ ಅರ್ಜಿಯನ್ನು ತಿರಸ್ಕರಿಸುವುದಿಲ್ಲ, ಆದರೆ ನಾನು ಕರೆದು ಕೇಳುತ್ತೇನೆ.

ಈ ಸಲ ಆಫರ್ ಲೆಟರ್ ಬಂದಿರುವವರು ಸಹಿ ಹಾಕುವ ಮೊದಲು ಎಲ್ಲ ಪುಟಗಳನ್ನೂ ಪ್ರಿಂಟ್ ತೆಗೆಸಿಕೊಂಡು ಬನ್ನಿ, ಮೊದಲ ಪುಟ ಮಾತ್ರ ಅಲ್ಲ. ಸಾಧ್ಯವಾದರೆ ಅಬ್ಬಾ ಅಮ್ಮಿಯನ್ನೂ ಕರೆದುಕೊಂಡು ಬನ್ನಿ, ಅವರಿಗೂ ಲೆಕ್ಕ ತಿಳಿಯಲಿ. ಕ್ಯಾಲ್ಕ್ಯುಲೇಟರ್ ನನ್ನ ಹತ್ತಿರ ಇದೆ.

ಖುದಾ ಹಾಫಿಜ್.